399ಕ್ಕೇ ನಿಲ್ಲಿಸಿದ ಕೋಚ್

ಇವತ್ತು ಬಾಬ್ ಲ್ಯಾಡಸರ್ ಅನ್ನೋ ಕೋಚ್ ಬಗ್ಗೆ ಮಾತಾಡ್ತೀನಿ. ಮೊದಲೇ ಹೇಳಿಬಿಡ್ತೀನಿ, ಇದು ಸುನಿಲ್ ಛೇತ್ರಿ ಆಡೋ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಚೆಂಡನ್ನು ಕೈಯಲ್ಲಿ ಹಿಡಿದು ಓಡೋ ಅಮೆರಿಕನ್ ಫುಟ್‌ಬಾಲ್.

ಕ್ಯಾಲಿಫೋರ್ನಿಯಾದ ಕಾಂಕಾರ್ಡ್‌ನಲ್ಲಿ ಡಿ ಲಾ ಸಾಲ್ ಅಂತ ಕ್ಯಾಥೊಲಿಕ್ ಹುಡುಗರ ಹೈಸ್ಕೂಲ್ ಇದೆ. 1979ರಲ್ಲಿ ಲ್ಯಾಡಸರ್ ಅಲ್ಲಿ ಹೆಡ್ ಕೋಚ್ ಆದಾಗ ಅವರಿಗೆ 25 ವರ್ಷ. ಅಲ್ಲಿಯವರೆಗೆ ಆ ಶಾಲೆ ಯಾವ ಸೀಸನ್‌ನಲ್ಲೂ ಸೋಲಿಗಿಂತ ಹೆಚ್ಚು ಗೆಲುವು ಕಂಡಿರಲಿಲ್ಲ. ಅದೇ ಶಾಲೆ 1992ರಿಂದ 2003ರವರೆಗೆ, 12 ಸೀಸನ್, ಸತತ 151 ಪಂದ್ಯ ಗೆದ್ದಿತು. ಹಿಂದಿನ ರಾಷ್ಟ್ರೀಯ ದಾಖಲೆ 72. ಹೈಸ್ಕೂಲ್ ಹುಡುಗರು ನಾಲ್ಕು ವರ್ಷಕ್ಕೆ ಹೊರಟುಹೋಗ್ತಾರೆ, ಟೀಮ್ ಬದಲಾಗ್ತಾನೇ ಇರುತ್ತೆ ಅನ್ನೋದನ್ನ ನೆನಪಿಟ್ಕೊಳ್ಳಿ.

ಖಾಸಗಿ ಶಾಲೆ, ಒಳ್ಳೇ ಆಟಗಾರರನ್ನ ಹುಡುಕಿ ಸೇರಿಸ್ಕೊಳ್ತಾರೆ ಅಂತ ಎದುರಾಳಿಗಳು ದೂರ್ತಾ ಇದ್ರು. ಆದರೆ 1978ರಲ್ಲೂ ಅದು ಖಾಸಗಿ ಶಾಲೆಯೇ ಆಗಿತ್ತಲ್ಲ!

ನನಗೆ ಹಿಡಿಸಿದ್ದು ಅವರ ಕಾರ್ಡಿನ ಪದ್ಧತಿ. ಪ್ರತಿ ವಾರ ಪ್ರತಿಯೊಬ್ಬ ಹುಡುಗ ಅಭ್ಯಾಸದಲ್ಲಿ, ವೇಟ್ ಟ್ರೇನಿಂಗ್‌ನಲ್ಲಿ, ಪಂದ್ಯದಲ್ಲಿ ಏನೇನು ಮಾಡ್ತೀನಿ ಅಂತ ಒಂದು ಕಾರ್ಡಿನಲ್ಲಿ ಬರೀಬೇಕು. ಬರೆದು ಕೋಚ್ ಕೈಗೆ ಕೊಟ್ಟು ಸುಮ್ಮನಾಗೋದಲ್ಲ. ಟೀಮಿನ ಎದುರು ನಿಂತು, ಒಬ್ಬ ಜೊತೆಗಾರನಿಗೆ ಅದನ್ನ ಓದಿ ಹೇಳಬೇಕು. ಮಾತು ಉಳಿಸಿಕೊಂಡನಾ ಇಲ್ವಾ ಅಂತ ಆಮೇಲೆ ಹೇಳೋನು ಆ ಜೊತೆಗಾರ. ಆಫೀಸಿನಲ್ಲಿ ನಾವೂ ವರ್ಷಕ್ಕೊಮ್ಮೆ ಪೋರ್ಟಲ್‌ನಲ್ಲಿ ಗೋಲ್ಸ್ ತುಂಬ್ತೀವಿ. ಪಕ್ಕದ ಸೀಟಿನವರ ಗೋಲ್ ಏನು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

2004ರ ಆಗಸ್ಟ್ 12. ಅದೇ ವರ್ಷ ಶಾಲೆ ಮುಗಿಸಿದ್ದ ಟೆರೆನ್ಸ್ ಕೆಲ್ಲಿ ಅನ್ನೋ ಆಟಗಾರನನ್ನ ರಿಚ್ಮಂಡ್ ಊರಲ್ಲಿ ಗುಂಡು ಹೊಡೆದು ಕೊಂದರು. ಹುಡುಗನಿಗೆ 18 ವರ್ಷ. ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಆಡೋಕೆ ಇನ್ನೇನು ಹೊರಡಬೇಕಿತ್ತು. ಮೂರು ವಾರ ಕಳೆದು, ಸಿಯಾಟಲ್‌ನಲ್ಲಿ ಬೆಲ್ವ್ಯೂ ಹೈಸ್ಕೂಲ್ ಎದುರು ಟೀಮ್ 39–20ರಿಂದ ಸೋತಿತು. 151ರ ಸರಣಿ ಅಲ್ಲಿಗೆ ಮುಗೀತು. ಆ ಸೋಲನ್ನ ದುರಂತ ಅಂತ ಕರೆಯೋಕೆ ನನಗಂತೂ ಬಾಯಿ ಬರಲ್ಲ.

ಲ್ಯಾಡಸರ್ ಆಮೇಲೂ ಎಂಟು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲೇ ಹೆಡ್ ಕೋಚ್ ಆಗಿದ್ದರು. 2013ರ ಜನವರಿಯಲ್ಲಿ ಬಿಟ್ಟಾಗ ಅವರ ಲೆಕ್ಕ 399 ಗೆಲುವು, 25 ಸೋಲು, 3 ಟೈ. ಇನ್ನೊಂದೇ ಒಂದು ಗೆದ್ದಿದ್ರೆ 400! ಅದಕ್ಕೆ ಕಾಯಲಿಲ್ಲ. ತಮ್ಮ ಹತ್ತಿರವೇ ಆಟ ಕಲಿತಿದ್ದ ಜಸ್ಟಿನ್ ಅಲಂಬಾಗೆ ಜಾಗ ಬಿಟ್ಟುಕೊಟ್ಟು, ಅವರ ಕೈಕೆಳಗೆ ಸಹಾಯಕ ಕೋಚ್ ಆಗಿ ಉಳಿದರು.