ಊಹೆ ಬೇಡ, ಕಾರಣ ಬೇಕು



ಒಮ್ಮೆ ತೊಂಡೇಬಾವಿ ರೈಲು ನಿಲ್ದಾಣದಲ್ಲಿ ಬೆಂಗಳೂರಿನ ಗಾಡಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗ ದಿನಪತ್ರಿಕೆಯ ಸುಡೊಕುವನ್ನು ಅರ್ಧ ತುಂಬಿ, ಬೇಸರದಿಂದ ಮಡಿಸಿಟ್ಟ. "ನಾನು ಲೆಕ್ಕದಲ್ಲಿ ಹಿಂದೆ ಸಾರ್, ಇದು ನನಗಲ್ಲ" ಎಂದ. ನೀವೂ ಹಾಗೆಂದುಕೊಂಡಿದ್ದರೆ ಈ ಮಾತು ನಿಮಗೇ.

ಸುಡೊಕುವಿನಲ್ಲಿ ಕೂಡುವುದಿಲ್ಲ, ಕಳೆಯುವುದಿಲ್ಲ. ಅಂಕಿಗಳ ಬದಲು ಒಂಬತ್ತು ಅಕ್ಷರಗಳನ್ನು ಬರೆದರೂ ಆಟ ಕೆಡದು. ಅಡ್ಡಸಾಲು ಒಂಬತ್ತು, ಕಂಬಸಾಲು ಒಂಬತ್ತು, ಒಂಬತ್ತು ಮನೆಗಳ ಚಿಕ್ಕ ಚೌಕಗಳೂ ಒಂಬತ್ತು. ಪ್ರತಿಯೊಂದರಲ್ಲೂ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕು. ನಿಯಮ ಇಷ್ಟೇ.

ಮೊದಲು ಚಿಕ್ಕದೊಂದನ್ನು ಬಿಡಿಸೋಣ. ಇಲ್ಲಿ 1ರಿಂದ 4 ಮಾತ್ರ. ಚಿಕ್ಕ ಚೌಕಕ್ಕೆ ನಾಲ್ಕೇ ಮನೆ.

1 – – 4
– 4 1 –
– 1 – 3
– 3 2 –

ಮೊದಲ ಅಡ್ಡಸಾಲು ನೋಡಿ. ಬೇಕಾದದ್ದು 2 ಮತ್ತು 3. ಎರಡನೆಯ ಮನೆಗೆ 3 ಬರಬಹುದೇ? ಅದೇ ಕಂಬಸಾಲಿನ ಕೆಳಗೆ 3 ಆಗಲೇ ಇದೆ. ಆದ್ದರಿಂದ ಅಲ್ಲಿ 2, ಅದರ ಪಕ್ಕದಲ್ಲಿ 3. ಈಗ ಎಡಗಡೆಯ ಮೇಲಿನ ಚೌಕದಲ್ಲಿ 1, 2, 4 ಇವೆ. ಉಳಿದ ಮನೆಗೆ 3. ಮುಂದಿನದನ್ನು ನೀವೇ ಬಿಡಿಸಿ. ಒಂದು ಮನೆ ತುಂಬಿದರೆ ಅದೇ ಮುಂದಿನ ಮನೆಗೆ ದಾರಿ ತೋರಿಸುತ್ತದೆ.

ಇಂದಿನ ರೂಪದ ಈ ಆಟ 1979ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂತು. ಅದನ್ನು ರಚಿಸಿದವರು ಹೋವರ್ಡ್ ಗಾರ್ನ್ಸ್ ಎಂಬ ವಾಸ್ತುಶಿಲ್ಪಿ ಎಂದು ನಂಬಲಾಗಿದೆ. 1984ರಲ್ಲಿ ಜಪಾನಿಗೆ ಹೋಗಿ ಅಲ್ಲಿ ಸುಡೊಕು ಎಂಬ ಹೆಸರು ಪಡೆಯಿತು. 2004ರಲ್ಲಿ ಲಂಡನ್ನಿನ 'ದಿ ಟೈಮ್ಸ್' ಪ್ರಕಟಿಸಿದ ಮೇಲೆ ಲೋಕವೆಲ್ಲ ಹಬ್ಬಿತು. ಸರಿಯಾಗಿ ರಚಿಸಿದ ಸುಡೊಕುವಿಗೆ ಉತ್ತರ ಒಂದೇ. ಅದಕ್ಕೆ ಆರಂಭದಲ್ಲಿ ಕನಿಷ್ಠ 17 ಅಂಕಿಗಳಾದರೂ ಬೇಕೆಂದು 2012ರಲ್ಲಿ ಐರ್ಲೆಂಡಿನ ಗಣಿತಜ್ಞರು ಕಂಪ್ಯೂಟರಿನ ನೆರವಿನಿಂದ ತೋರಿಸಿದರು.

ಉತ್ತರ ಒಂದೇ ಆದಾಗ ಊಹೆಗೆ ಜಾಗವೆಲ್ಲಿ? ನಮ್ಮ ಹುಡುಗ ಎಡವಿದ್ದು ಅಲ್ಲಿಯೇ. ಎಲ್ಲೋ ಒಂದು ಕಡೆ "ಇರಬಹುದು" ಎಂದು ಅಂಕಿ ಬರೆದಿದ್ದ. ಬಹಳ ಹೊತ್ತಿನ ಮೇಲೆ ಒಂದೇ ಸಾಲಿನಲ್ಲಿ ಎರಡು 7 ಬಂದವು. ತಪ್ಪಿದ್ದು ಎಲ್ಲಿ ಎಂದರೆ ಅವನಿಗೇ ತಿಳಿಯದು.

ಪೆನ್ಸಿಲ್, ರಬ್ಬರ್ ತೆಗೆಸಿದೆ. "ಯಾಕೆ?" ಎಂದು ಕೇಳಿದಾಗ ಕಾರಣ ಹೇಳಲಾಗದ ಅಂಕಿಗಳನ್ನೆಲ್ಲ ಅವನೇ ಅಳಿಸಿದ. ಉಳಿದದ್ದು ಸ್ವಲ್ಪವೇ. ಮತ್ತೆ ಒಂದೊಂದಾಗಿ ತುಂಬತೊಡಗಿದ.

ಗಾಡಿ ಬಂದಾಗ ಇನ್ನೂ ಹನ್ನೊಂದು ಮನೆಗಳು ಖಾಲಿ. ಆದರೆ ತುಂಬಿದ ಪ್ರತಿ ಮನೆಗೂ ಅವನ ಬಳಿ ಕಾರಣವಿತ್ತು. ಲೆಕ್ಕದಲ್ಲಿ ಹಿಂದೆ ಎಂಬ ಮಾತನ್ನು ಅವನು ಮತ್ತೆ ಆಡಲಿಲ್ಲ.