ಬ್ರಾಡ್‌ಬ್ಯಾಂಡ್ ದೂರವಾಣಿ ಮತ್ತು ಮಲೆನಾಡಿನ ಮಳೆಗಾಲ

(ಮಳೆಗಾಲದ ಪೂರ್ವಸಿದ್ಧತೆಗಾಗಿ ಕರೆದಿದ್ದ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಕೃಷಿ ವಿಜ್ಞಾನದವನಾದ ನಾನು ಇಂದು ದೂರವಾಣಿಯ ಕುರಿತು ಮಾತನಾಡಲು ಕಾರಣವಿದೆ. ತೋಟಕ್ಕೆ ಕೊಳೆರೋಗ ಬಂದಾಗ ಸಲಹೆ ಕೇಳುವುದಕ್ಕೂ ಧರೆ ಕುಸಿದಾಗ ನೆರವು ಕೋರುವುದಕ್ಕೂ ಮಾತು ಹೊರಗೆ ತಲುಪಲೇಬೇಕು. ನಮ್ಮ ಕಣಿವೆಗಳ ಅನೇಕ ಮನೆಗಳಿಗೆ ಮೊಬೈಲ್ ಗೋಪುರದ ಸಂಕೇತ ಬರುವುದಿಲ್ಲ. ಗುಡ್ಡ ಅಡ್ಡ ನಿಲ್ಲುತ್ತದೆ. ಒದ್ದೆ ಕಾಡು ಅಲೆಗಳನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಮನೆಗೆ ಬಂದ ಬ್ರಾಡ್‌ಬ್ಯಾಂಡಿನ ಮೂಲಕವೇ ಕರೆ ಮಾಡುವ ರೂಢಿ ಬೆಳೆದಿದೆ.

ಇದರ ಕ್ರಮ ಸರಳವಾದುದು. ನಮ್ಮ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು ಅಂಕಿಗಳನ್ನಾಗಿ ಮಾಡಲಾಗುತ್ತದೆ. ಹಳೆಯ, ಪ್ರಚಲಿತ ವಿಧಾನದಲ್ಲಿ 20 ಮಿಲಿಸೆಕೆಂಡಿನಷ್ಟು ಮಾತು ಒಂದು ಪೊಟ್ಟಣವಾಗಿ, ವಿಳಾಸ ಹೊತ್ತು, ಸೆಕೆಂಡಿಗೆ 50ರಂತೆ ಸಾಗುತ್ತದೆ. ಒಂದು ದಿಕ್ಕಿಗೆ ಬೇಕಾಗುವ ವೇಗ ಸುಮಾರು 80 ಕಿಲೋಬಿಟ್ ಮಾತ್ರ. ಒಂದು ಗಂಟೆ ಮಾತನಾಡಿದರೂ ಎರಡೂ ದಿಕ್ಕು ಸೇರಿ 72 ಮೆಗಾಬೈಟ್ ದಾಟದು. ಆದುದರಿಂದ ದುಬಾರಿ ಯೋಜನೆ ಅನಗತ್ಯ. ಪೊಟ್ಟಣಗಳು ತಡೆಯಿಲ್ಲದೆ ತಲುಪಿದರೆ ಸಾಕು.

2002ರ ಏಪ್ರಿಲಿನಲ್ಲಿ ನಮ್ಮ ದೇಶವು ಅಂತರಜಾಲ ದೂರವಾಣಿಗೆ ಅನುಮತಿ ನೀಡಿದಾಗ ಗಣಕದಿಂದ ವಿದೇಶದ ದೂರವಾಣಿಗೆ ಕರೆ ಮಾಡಬಹುದಿತ್ತು, ಪಕ್ಕದ ಊರಿನ ದೂರವಾಣಿಗೆ ಮಾಡುವಂತಿರಲಿಲ್ಲ. 2018ರಲ್ಲಿ ಆ ನಿರ್ಬಂಧ ಸಡಿಲವಾಯಿತು. 2019ರ ಡಿಸೆಂಬರಿನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ವೈ-ಫೈ ಕರೆಯನ್ನು ಆರಂಭಿಸಿದವು. ಇದರಲ್ಲಿ ಗೋಪುರದ ಸಂಕೇತವಿಲ್ಲದಿದ್ದರೂ ನಿಮ್ಮ ಮಾಮೂಲಿ ಸಂಖ್ಯೆಯಿಂದಲೇ ಯಾವ ದೂರವಾಣಿಗಾದರೂ ಮಾತನಾಡಬಹುದು. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಒಮ್ಮೆ ಚಾಲೂ ಮಾಡಬೇಕು. ವಾಟ್ಸಾಪ್ ಕರೆ ಬೇರೆ; ಅದರಿಂದ ಸ್ಥಿರ ದೂರವಾಣಿಗಾಗಲಿ 112ಕ್ಕಾಗಲಿ ಕರೆ ಹೋಗದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳೆಯ ತಾಮ್ರದ ತಂತಿ ಮಾತಿನೊಂದಿಗೆ ವಿದ್ಯುತ್ತನ್ನೂ ತರುತ್ತಿತ್ತು. ವಿನಿಮಯ ಕೇಂದ್ರದ ಬ್ಯಾಟರಿಗಳಿಂದ 48 ವೋಲ್ಟ್ ಹರಿಯುತ್ತಿದ್ದುದರಿಂದ ಮನೆಯಲ್ಲಿ ಕತ್ತಲೆಯಿದ್ದರೂ ದೂರವಾಣಿ ಜೀವಂತವಾಗಿರುತ್ತಿತ್ತು. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ತಾನಾಗಿ ಹರಿದುಬರುವ ನೀರಿನಂತೆ ಅದು. ಆಪ್ಟಿಕಲ್ ಫೈಬರ್ ಗಾಜಿನ ಎಳೆ. ಬೆಳಕನ್ನು ಒಯ್ಯುತ್ತದೆ, ವಿದ್ಯುತ್ತನ್ನು ಒಯ್ಯಲಾರದು. ಸಿಡಿಲು ಆ ಎಳೆಯ ಮೂಲಕ ಒಳಬರುವುದಿಲ್ಲವೆಂಬುದು ಲಾಭವೇ ಸರಿ. ಆದರೆ ಪಂಪಿನಂತೆ ಅದಕ್ಕೆ ನಾವೇ ವಿದ್ಯುತ್ತು ಕೊಡಬೇಕು. ಆಷಾಢದ ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋದರೆ ಮೋಡೆಮ್ ನಿಲ್ಲುತ್ತದೆ, ಕರೆಯೂ ನಿಲ್ಲುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆ, ವಿದ್ಯುತ್ತು, ದೂರವಾಣಿ ಮೂರೂ ಒಟ್ಟಿಗೆ ಕಡಿದುಹೋದ ಊರುಗಳಿದ್ದವು. ನೆರವು ಅತ್ಯಗತ್ಯವಾದ ದಿನವೇ ಮೌನ ಆವರಿಸುವುದು ನಮ್ಮ ಪ್ರದೇಶದ ನಿಜವಾದ ಅಪಾಯ.

ಪರಿಹಾರ ನಮ್ಮ ಅಳವಿನಲ್ಲೇ ಇದೆ. ಮೋಡೆಮ್ ಸಾಮಾನ್ಯವಾಗಿ 12 ವೋಲ್ಟಿನದು, ಸುಮಾರು 10 ವಾಟ್ ಬಳಸುತ್ತದೆ. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವಾಟ್-ಗಂಟೆ ಶಕ್ತಿಯಿರುತ್ತದೆ. ನಷ್ಟ ಕಳೆದು ಆರು ಗಂಟೆಯಷ್ಟು ನಡೆದೀತು. ಕರೆಯ ಸಮಯದಲ್ಲಿ ಮಾತ್ರ ಚಾಲೂ ಮಾಡಿದರೆ ಹಲವು ದಿನ ಸಾಲುತ್ತದೆ. ಬ್ಯಾಟರಿಯನ್ನು ನೇರವಾಗಿ ಜೋಡಿಸದೆ, ಮೋಡೆಮ್‌ಗೆ ಹೊಂದುವ ಸಣ್ಣ ಯುಪಿಎಸ್ ಬಳಸಿರಿ. ಪ್ರತಿ ಕೇರಿಗೂ ಇಂತಹ ಒಂದು ಮನೆಯಿರಲಿ. ಪೊಲೀಸ್ ಠಾಣೆ, ಆಸ್ಪತ್ರೆಗಳ ನೇರ ಸಂಖ್ಯೆಗಳನ್ನು ಅಲ್ಲಿ ಗೋಡೆಯ ಮೇಲೆ ಬರೆದಿಡಿರಿ. ಬ್ರಾಡ್‌ಬ್ಯಾಂಡ್ ಕರೆಯಿಂದ ನಿಮ್ಮ ಸ್ಥಳ ಅವರಿಗೆ ತಿಳಿಯದೆ ಹೋಗಬಹುದು; ಊರು, ಕೇರಿ, ದಾರಿಯನ್ನು ಮೊದಲು ಹೇಳಿರಿ.

ಇಷ್ಟೇ ಸಾಲದು. ಊರಿನ ಎಳೆಗಳೆಲ್ಲ ಸೇರುವ ಕೇಂದ್ರದಲ್ಲೂ ಬ್ಯಾಟರಿ ಬೇಕು. ಅದು ಆರಿದರೆ ಎಲ್ಲ ಮನೆಗಳೂ ಒಮ್ಮೆಲೇ ಮೂಕವಾಗುತ್ತವೆ. ಆ ಬ್ಯಾಟರಿ ಎಷ್ಟು ಗಂಟೆ ತಡೆಯುತ್ತದೆ, ಎಳೆಯ ಮೇಲೆ ಬಾಗಿದ ಕೊಂಬೆಗಳನ್ನು ಯಾರು ಸವರುತ್ತಾರೆ ಎಂದು ಸೇವೆ ಒದಗಿಸುವವರನ್ನೂ ಪಂಚಾಯಿತಿಯನ್ನೂ ಮಳೆಗೆ ಮೊದಲೇ ಲಿಖಿತವಾಗಿ ಕೇಳೋಣ. ವಿದ್ಯಾರ್ಥಿಗಳು ಈ ವಾರವೇ ತಮ್ಮ ಮನೆಯ ಮೋಡೆಮಿನ ವೋಲ್ಟ್, ಆಂಪಿಯರ್ ನೋಡಿ ಬರೆದು ತರಲಿ. ಕೆಲಸವನ್ನು ಅಲ್ಲಿಂದಲೇ ಆರಂಭಿಸೋಣ.