ಕೇಸು ಬಿದ್ದವರೆಲ್ಲ ಕಳ್ಳರೇ?

(ಯುವಜನರ ಅಧ್ಯಯನ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಬೊಂಬಾಯಿ ಹೈಕೋರ್ಟಿನ 1937ರ ದಾಖಲೆಯಲ್ಲಿ ಭೀಮರಾವ್ ರಾಮಜಿ ಅಂಬೇಡ್ಕರ್ ಅನ್ನುವ ಹೆಸರು ಪ್ರತಿವಾದಿಯ ಜಾಗದಲ್ಲಿದೆ. 1927ರ ಮಾರ್ಚಿಯಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ನಮ್ಮ ಜನರನ್ನು ಬಡಿದರು. ಬಡಿದ ಕಡೆಯವರೇ ಅದೇ ಡಿಸೆಂಬರಿನಲ್ಲಿ ಕೋರ್ಟಿಗೆ ಹೋಗಿ, ಕೆರೆ ನಮ್ಮ ಸ್ವಂತದ್ದು, ಇವರು ಮುಟ್ಟಕೂಡದು ಅಂತ ದಾವಾ ಹಾಕಿ ತಡೆಯಾಜ್ಞೆ ತಂದರು. ವ್ಯಾಜ್ಯ ಹತ್ತು ವರ್ಷ ಎಳೆಯಿತು. ಕೊನೆಗೆ 1937ರ ಮಾರ್ಚಿಯಲ್ಲಿ ಹೈಕೋರ್ಟು ಬಾಬಾಸಾಹೇಬರ ಕಡೆಗೇ ತೀರ್ಪು ಕೊಟ್ಟಿತು.

ಈಗ ಯೋಚನೆ ಮಾಡಿ. ಆ ಹತ್ತು ವರ್ಷದೊಳಗೆ ಯಾವನೋ ಒಬ್ಬ ಗುಮಾಸ್ತ ದಫ್ತರ ತಿರುವಿ, “ಈ ಮನುಷ್ಯನ ಮೇಲೆ ಕೋರ್ಟಿನಲ್ಲಿ ಕೇಸಿದೆ, ಕೆಲಸಕ್ಕೆ ಆಗೋದಿಲ್ಲ” ಅಂತ ಷರಾ ಬರೆದಿದ್ದರೆ? ಅದರಲ್ಲಿ ಒಂದಕ್ಷರ ಸುಳ್ಳಿರುತ್ತಿರಲಿಲ್ಲ. ನ್ಯಾಯವೂ ಇರುತ್ತಿರಲಿಲ್ಲ.

ಇಂಥ ಷರಾ ಬರೆಯುವ ಗುಮಾಸ್ತ ಇವತ್ತು ನಗರದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾನೆ. ಇ-ಕೋರ್ಟ್ಸ್ ಅಂತ ಜಾಲತಾಣವಿದೆ. ತಾಲ್ಲೂಕು ಕೋರ್ಟಿನ ಕೇಸೂ ಅದರಲ್ಲಿ ಸಿಗುತ್ತದೆ. ಪ್ರತಿ ಕೇಸಿಗೂ ಹದಿನಾರು ಅಂಕಿ-ಅಕ್ಷರಗಳ ಒಂದು ಸಿಎನ್‌ಆರ್ ನಂಬರು. ಅದು ಗೊತ್ತಿಲ್ಲದಿದ್ದರೂ ಕೋರ್ಟು, ವರ್ಷ, ಹೆಸರಿನ ಮೂರಕ್ಷರ ಒತ್ತಿದರೆ ಪಟ್ಟಿ ಬೀಳುತ್ತದೆ. ಹೀಗೆ ಹುಡುಕಿ ಕೊಡುವುದನ್ನೇ ದಂಧೆ ಮಾಡಿಕೊಂಡ ತಪಾಸಣೆ ಕಂಪನಿಗಳಿವೆ. ಕೆಲಸ ಕೊಡುವವರು ಅವರಿಗೆ ದುಡ್ಡು ಕೊಟ್ಟು ವರದಿ ತರಿಸಿಕೊಳ್ಳುತ್ತಾರೆ. ಹಸಿರು ಬಂದರೆ ಕೆಲಸ, ಕೆಂಪು ಬಂದರೆ ಮನೆ. ಸೆಕ್ಯೂರಿಟಿ ಗಾರ್ಡ್ ಆಗುವವನ ನಡತೆ ವಿಚಾರಿಸಲೇಬೇಕು ಅಂತ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯೇ ಹೇಳುತ್ತದೆ. ವಿಚಾರಿಸಲಿ, ಬೇಡ ಅನ್ನೋರು ಯಾರು? ಆದರೆ ಆ ಪಟ್ಟಿಯಲ್ಲಿ ಇರುವುದೇನು? ಕೇಸಿನ ನಂಬರು, ಕಲಮು, ತಾರೀಖು, ಮುಂದಿನ ವಾಯಿದೆ. ಮೊದಲು ಕೈ ಎತ್ತಿದವನು ಯಾರು ಅಂತ ಅಲ್ಲಿ ಬರೆದಿರುವುದಿಲ್ಲ.

ಹಳ್ಳಿಯಲ್ಲಿ ಕೇಸು ಹೇಗೆ ಹುಟ್ಟುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಹೋಟೆಲಿನೊಳಗೆ ಕೂತು ಟೀ ಕೇಳಿದ್ದಕ್ಕೆ, ಗುಡಿ ಮೆಟ್ಟಿಲು ಹತ್ತಿದ್ದಕ್ಕೆ ಹೊಡೆತ ಬೀಳುತ್ತದೆ. ನಮ್ಮ ಹುಡುಗರು ಧೈರ್ಯ ಮಾಡಿ ದೌರ್ಜನ್ಯ ತಡೆ ಕಾಯ್ದೆಯಲ್ಲಿ ದೂರು ಕೊಡುತ್ತಾರೆ. ಹೊತ್ತು ಮುಳುಗುವುದರೊಳಗೆ ಅದೇ ಠಾಣೆಯಲ್ಲಿ ಎದುರು ಕೇಸು ರೆಡಿ. ಗುಂಪು ಕಟ್ಟಿಕೊಂಡು ಬಂದರು, ಬೈದರು, ಹೆದರಿಸಿದರು. ಐಪಿಸಿ 143, 147, 323, 504, 506, ಜೊತೆಗೆ 149. ಈ ನಂಬರುಗಳು ನಮ್ಮ ಕೇರಿಯ ಮಕ್ಕಳಿಗೂ ಬಾಯಿಪಾಠ. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದು ನಂಬರು ಬದಲಾದವು, ಚಾಳಿ ಬದಲಾಗಲಿಲ್ಲ. ಈ ಎದುರು ಕೇಸಿನ ಕೆಲಸ ಒಂದೇ: “ನಿಂದು ನೀನು ತಗೋ, ನಂದು ನಾನು ತಗೋತೀನಿ” ಅಂತ ರಾಜಿಗೆ ಎಳೆಯುವುದು.

ಇದು ಕಾನೂನಿಗೂ ಗೊತ್ತು. ದಲಿತರ ಮೇಲೆ ಸುಳ್ಳು, ದುರುದ್ದೇಶದ ಕೇಸು ಹಾಕುವುದೇ ಒಂದು ದೌರ್ಜನ್ಯ ಅಂತ ಆ ಕಾಯ್ದೆಯ 3(1)(ಪಿ) ಕಲಮು ಹೇಳುತ್ತದೆ. ಕಾನೂನಿಗೆ ಗೊತ್ತಿರುವುದು ಕಂಪ್ಯೂಟರಿಗೆ ಗೊತ್ತಿಲ್ಲ. ಹೊಡೆಸಿಕೊಂಡವನ ಹೆಸರಿನ ಮುಂದೆಯೂ ಅದು ಕೆಂಪು ಬರೆಯುತ್ತದೆ. ಮೊದಲೆಲ್ಲ ಎದುರು ಕೇಸು ಊರಲ್ಲಿ ಬಾಯಿ ಮುಚ್ಚಿಸುತ್ತಿತ್ತು. ಈಗ ಊರು ಬಿಟ್ಟು ಹೋದವನ ಅನ್ನಕ್ಕೂ ಅದು ಕೈ ಹಾಕಿದೆ.

ಇನ್ನು ಹೆಸರಿನ ಪಾಡು ನೋಡಿ. ತಾತನ ಹೆಸರು ಮೊಮ್ಮಗನಿಗೆ ಇಡುವವರು ನಾವು. ಒಂದೇ ಕೇರಿಯಲ್ಲಿ ನಾಲ್ವರು ಮಾರಪ್ಪ ಇರ್ತಾರೆ, ಅವರಲ್ಲಿ ಇಬ್ಬರ ಅಪ್ಪಂದಿರೂ ಹನುಮಂತಪ್ಪ. ಯಾವ ಮಾರಪ್ಪನ ಕೇಸು ಯಾವ ಮಾರಪ್ಪನ ಕೆಲಸ ತಿಂದಿತು ಅಂತ ಕೇಳೋಣ ಅಂದರೆ, ಬಹಳ ಕಡೆ ಕಾರಣವನ್ನೇ ಹೇಳುವುದಿಲ್ಲ. ಫೋನು ಬರುವುದು ನಿಂತುಹೋಗುತ್ತದೆ, ಅಷ್ಟೆ.

ತೀರ್ಪು ಬರಲಿ, ಆಮೇಲೆ ಸರಿಹೋಗುತ್ತೆ ಅನ್ನುತ್ತೀರಾ? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಅವರಲ್ಲಿ ದಲಿತರ ಪಾಲು ಜನಸಂಖ್ಯೆಯಲ್ಲಿ ನಮಗಿರುವ ಪಾಲಿಗಿಂತ ಹೆಚ್ಚು. ಹತ್ತು ವರ್ಷ “ಬಾಕಿ” ಅಂತ ತೋರಿಸುವ ಕೇಸು ಇಪ್ಪತ್ತೆರಡರ ಹುಡುಗನನ್ನು ಮೂವತ್ತೆರಡಕ್ಕೆ ತಂದು ನಿಲ್ಲಿಸುತ್ತದೆ. ಆಮೇಲೆ ಖುಲಾಸೆಯಾದರೆ ಯಾರು ಕೆಲಸ ಕೊಡ್ತಾರೆ?

ಹಾಗಂತ ಕೋರ್ಟಿನ ದಾಖಲೆಯನ್ನೇ ಮುಚ್ಚಿ ಅನ್ನೋಣವೇ? ಬೇಡ. ಗೆಳೆಯರು ಕೆಲವರು ಹಾಗೆ ಕೇಳುತ್ತಿದ್ದಾರೆ. ನಾನು ಒಪ್ಪುವುದಿಲ್ಲ. ಬಾಗಿಲು ತೆರೆದ ಕೋರ್ಟು ನಮಗೇ ಹೆಚ್ಚು ಬೇಕು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟ ಕೇಸಿಗೆ 2024ರ ಅಕ್ಟೋಬರಿನಲ್ಲಿ ತೀರ್ಪು ಬಂತು. ಜಿಲ್ಲಾ ನ್ಯಾಯಾಲಯ 101 ಜನರನ್ನು ಅಪರಾಧಿಗಳೆಂದು, 98 ಜನಕ್ಕೆ ಜೀವಾವಧಿ ಕೊಟ್ಟಿತು. ಇಂಥ ಕೇಸು ಯಾವ ವಾಯಿದೆಗೆ ಬಂತು, ಸಾಕ್ಷಿ ಯಾರು ತಿರುಗಿದ ಅಂತ ಕಾವಲು ಕಾಯಲು ನಮಗೆ ಆ ದಾಖಲೆ ಬೇಕು. ನ್ಯಾಯ ಕಾಯುವುದಕ್ಕೆ ತೆರೆದ ಬಾಗಿಲನ್ನು ಅನ್ನ ಕಸಿಯುವ ಜರಡಿ ಮಾಡಬೇಡಿ ಅನ್ನುವುದೇ ನಮ್ಮ ತಕರಾರು. ಕೇಸಿದೆ ಅನ್ನುವ ಒಂದೇ ಮಾತಿನ ಮೇಲೆ ಯಾರನ್ನೂ ತಳ್ಳಕೂಡದು. ಕಾರಣವನ್ನು ಬರೆದು ಕೊಡಬೇಕು. ಉತ್ತರ ಹೇಳಲು ಅವಕಾಶ ಕೊಡಬೇಕು. ಎದುರು ಕೇಸನ್ನು ಮೂಲ ಕೇಸಿನ ಜೊತೆಗಿಟ್ಟು ಓದಬೇಕು.

ಕೇಳುತ್ತಾ ಕೂತರೆ ಸಾಲದು. ನಾವು ಮಾಡಬೇಕಾದ್ದೂ ಇದೆ.

ಒಂದು, ಸರ್ಕಾರಿ ನೇಮಕಾತಿಯ ಫಾರಂನಲ್ಲಿ ಕೇಸಿನ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ, ಖುಲಾಸೆಯಾಗಿದ್ದರೂ. ಎಷ್ಟೋ ಜನರ ಕೆಲಸ ಹೋಗಿರುವುದು ಕೇಸಿನಿಂದಲ್ಲ, “ಇಲ್ಲ” ಅಂತ ಬರೆದದ್ದರಿಂದ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ ಮಾತು ನೆನಪಿಡಿ. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಮುಚ್ಚಿಟ್ಟಿದ್ದರೂ ಅಧಿಕಾರಿ ತನ್ನ ವಿವೇಚನೆಯಿಂದ ಅದನ್ನು ಮನ್ನಿಸಬಹುದು. ಅಭ್ಯರ್ಥಿಗೆ ಗೊತ್ತೇ ಇರದ ಕೇಸನ್ನು ಮುಚ್ಚಿಟ್ಟ ಅನ್ನುವ ಹಾಗಿಲ್ಲ. ಆದರೆ ನಿಜ ಹೇಳಿದರೂ ಹಿನ್ನೆಲೆ ನೋಡುವ ಹಕ್ಕು ಅವರಿಗಿದೆ ಅಂತಲೂ ಅದೇ ತೀರ್ಪು ಹೇಳುತ್ತದೆ. ನಮ್ಮ ಜಗಳ ಮುಗಿದಿಲ್ಲ.

ಎರಡು, ಅರ್ಜಿ ಹಾಕುವ ಮುಂಚೆ ನಿಮ್ಮ ಹೆಸರನ್ನು ನೀವೇ ಹುಡುಕಿ. ಖುಲಾಸೆ ತೀರ್ಪಿನ ಸರ್ಟಿಫೈಡ್ ನಕಲು ತೆಗೆದು, ಮಾರ್ಕ್ಸ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಬೇರೆಯವನ ಕೇಸು ನಿಮ್ಮ ತಲೆಗೆ ಕಟ್ಟಿದ್ದರೆ ಅಪ್ಪನ ಹೆಸರು, ವಿಳಾಸ ಹಾಕಿ ಲಿಖಿತ ಉತ್ತರ ಕೊಡಿ.

ಮೂರು, ವಕೀಲರು ರಾಜಿ ಮಾಡಿಸಲು ಬಂದರೆ, ತೀರ್ಪಿನಲ್ಲಿ ಏನು ಬರೆಸುತ್ತೀರಿ ಅಂತ ಕೇಳಿ. ಸಾಕ್ಷಿ ತಿರುಗಿ ಬಿದ್ದು “ಸಂಶಯದ ಲಾಭ” ಅಂತ ಬಿಡುಗಡೆಯಾದರೆ, ಪೂರಾ ಕಳಂಕ ಹೋಗಿಲ್ಲ ಅಂತ ನಾಳೆ ಅದನ್ನೇ ಎತ್ತಿ ಆಡುತ್ತಾರೆ.

ನಾಲ್ಕು, ಇದು ಸಂಘಟನೆಯ ಕೆಲಸ. ಪ್ರತಿ ತಾಲ್ಲೂಕಿನಲ್ಲಿ ನಮ್ಮ ಹುಡುಗರ ಮೇಲಿರುವ ಎದುರು ಕೇಸುಗಳ ಪಟ್ಟಿ ಮಾಡೋಣ. ಸುಳ್ಳಾಗಿರುವುದನ್ನು ರದ್ದು ಮಾಡಿಸಲು ಹೈಕೋರ್ಟಿಗೆ ಹೋಗೋಣ. ಕೋರ್ಟಿನ ಒಪ್ಪಿಗೆ ಪಡೆದು ಪ್ರಾಸಿಕ್ಯೂಷನ್ನೇ ಕೇಸು ವಾಪಸು ತೆಗೆದುಕೊಳ್ಳುವ ದಾರಿಯೂ ಕಾನೂನಿನಲ್ಲಿದೆ. ಆ ಬಾಗಿಲನ್ನೂ ಬಡಿಯೋಣ.

ಕೆರೆ ನೀರು ಮುಟ್ಟಿದವರ ಮೇಲೆ ಅವತ್ತೂ ಕೇಸಿತ್ತು. ಕೇಸಿಗೆ ಹೆದರಿ ನೀರು ಬಿಟ್ಟು ಬಂದಿದ್ದರೆ ನಾವು ಇವತ್ತು ಇಲ್ಲಿ ಕೂತು ಮಾತಾಡುತ್ತಿರಲಿಲ್ಲ.

ಜೈ ಭೀಮ್.